ಆಸ್ಪತ್ರೆ ಚೀಲ: ಕಾಗದ ಮೊದಲು, ಬಟ್ಟೆ ಕೊನೆಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಯಿಲೆ ದೊಡ್ಡದಾದರೆ ಒಂದೇ ಆಸ್ಪತ್ರೆಗೆ ಮುಗಿಯುವುದು ಕಡಿಮೆ. ಊರಿನ ಆಸ್ಪತ್ರೆಯಲ್ಲಿ ‘ಮುಂದೆ ಒಯ್ಯಿರಿ’ ಎಂದರೆ ಕಾರವಾರದವರು ಗೋವಾದ ಬಾಂಬೋಲಿಗೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಣಿಪಾಲಕ್ಕೆ ಹೊರಡಬೇಕು. ಮನೆಯಲ್ಲಿ ಬಿಪಿ, ಶುಗರ್, ಹೃದಯದ ತೊಂದರೆಯ ಹಿರಿಯರಿದ್ದರೆ ಚೀಲವನ್ನು ಈ ಎರಡನೇ ಪ್ರಯಾಣ ಲೆಕ್ಕಕ್ಕೆ ಹಿಡಿದೇ ಕಟ್ಟಿಡಿ.

ಚೀಲ ಎರಡಿರಲಿ. ಕಾಗದ ಮತ್ತು ಔಷಧದ ಚಿಕ್ಕ ಚೀಲ ಜೊತೆಗೆ ಹೋಗುವವರ ಹೆಗಲ ಮೇಲೆ, 108ರ ಒಳಗೇ ಹೋಗಬೇಕು. ಬಟ್ಟೆಬರೆಯದ್ದು ಹಿಂದಿನಿಂದ ಬಂದರೂ ನಡೆಯುತ್ತದೆ.

ಚಿಕ್ಕ ಚೀಲಕ್ಕೆ ಮೊದಲು ಹಾಕಬೇಕಾದದ್ದು ಔಷಧದ ಪಟ್ಟಿ. ಗುಳಿಗೆಯ ಹೆಸರು, ಎಷ್ಟು ಎಂಜಿ, ಯಾವ ಹೊತ್ತಿಗೆ, ಯಾವುದಕ್ಕೆ, ಯಾವ ಔಷಧ ಮೈಗೆ ಒಗ್ಗುವುದಿಲ್ಲ ಎಂಬುದೆಲ್ಲ ಒಂದೇ ಹಾಳೆಯಲ್ಲಿ. ಇದನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಬಾಂಬೋಲಿಯಲ್ಲಿ ಕನ್ನಡ ಓದುವವರು ಸಿಗುತ್ತಾರೆಂದು ನಂಬಿ ಕೂರುವಂತಿಲ್ಲ. ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಅದರ ಕೆಳಗೆ ದಪ್ಪ ಗೆರೆ ಎಳೆಯಿರಿ.

ಎರಡು ಮೂರು ದಿನದ ಗುಳಿಗೆಯನ್ನು ಅದರ ಸ್ಟ್ರಿಪ್ ಸಮೇತ ಇಡಿ. ದಿನಕ್ಕೆ ಬೇಕಾದಷ್ಟೇ ಕತ್ತರಿಸಿ ಡಬ್ಬಿಗೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಕತ್ತರಿಸಿದಾಗ ಹೆಸರು, ಎಂಜಿ, ಅವಧಿ ಅಚ್ಚಾದ ತುದಿಯೇ ಕಸದ ಬುಟ್ಟಿಗೆ ಹೋಗಿರುತ್ತದೆ. ಆಮೇಲೆ ‘ರಾತ್ರಿ ಊಟ ಆದಮೇಲಿನ ಬಿಳಿ ಗುಳಿಗೆ’ ಎಂದರೆ ಕ್ಯಾಶುವಾಲ್ಟಿಯ ಡಾಕ್ಟರಿಗೆ ಏನು ತಿಳಿಯಬೇಕು? ಇನ್ಸುಲಿನ್ ಫ್ರಿಜ್ಜಿನಲ್ಲೇ ಇರಲಿ, ‘ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದುಕೋ’ ಎಂಬ ಚೀಟಿ ಚೀಲಕ್ಕೆ ಅಂಟಿರಲಿ. ಒಯ್ಯುವಾಗ ಮಂಜುಗಡ್ಡೆಗೆ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಫೈಲಿನಲ್ಲಿ ಹೊಸ ಡಿಸ್ಚಾರ್ಜ್ ಸಮ್ಮರಿ ಮೇಲೆ, ಹಳೆಯದು ಕೆಳಗೆ. ಕೊನೆಯ ಇಸಿಜಿ, ರಕ್ತದ ವರದಿ, ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್, ಆಯುಷ್ಮಾನ್ ಅಥವಾ ವಿಮೆಯ ಕಾರ್ಡು. ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ, ನಮ್ಮ ಮಳೆಗೆ ಬಟ್ಟೆಯ ಚೀಲ ತಡೆಯುವುದಿಲ್ಲ. ಫೋನ್ ನಂಬರುಗಳೂ ಕಾಗದದ ಮೇಲಿರಲಿ, ದೇವಿಮನೆ, ಅರಬೈಲು ಘಟ್ಟದ ತಿರುವುಗಳಲ್ಲಿ ನೆಟ್‌ವರ್ಕ್ ಕೈಕೊಡುವುದುಂಟು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದದ್ದು ನೆನಪಿದೆಯಲ್ಲ. ಜೂನ್ ಹೊತ್ತಿಗೇ ಬದಲಿ ದಾರಿ, ಬದಲಿ ಆಸ್ಪತ್ರೆ ಯಾವುದೆಂದು ಮನೆಯವರು ಮಾತಾಡಿಕೊಳ್ಳಿ.

ಪೆನ್ನು ಮರೆಯಬೇಡಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು 100 ಕಿ.ಮೀ., ದಾರಿಯ ಹೊತ್ತೂ ಈ ಗಡುವಿನಲ್ಲೇ ಸೇರುತ್ತದೆ. ಮೊದಲ ಆಸ್ಪತ್ರೆ ಬಿಡುವಾಗ ರೆಫರಲ್ ಪತ್ರ ಕೇಳಿ ಪಡೆಯಿರಿ, ಅಲ್ಲಿ ಕೊಟ್ಟ ಔಷಧ ಮತ್ತು ಸಮಯ ಅದರಲ್ಲಿ ಇದೆಯೇ ನೋಡಿ.

ದೊಡ್ಡ ಚೀಲಕ್ಕೆ ಮುಂದೆ ಗುಂಡಿ ಇರುವ ಅಂಗಿ ಅಥವಾ ನೈಟಿ, ಪಂಚೆ, ಟವೆಲ್, ಹೊದಿಕೆ, ಲೋಟ, ಡಯಾಪರ್. ಕನ್ನಡಕ, ಹಲ್ಲಿನ ಸೆಟ್ಟಿನ ಡಬ್ಬಿ, ಕಿವಿಯ ಮಷಿನ್ನಿನ ಬ್ಯಾಟರಿ. ಜೊತೆಗಿರುವವರಿಗೂ ಒಂದು ಜೊತೆ ಬಟ್ಟೆ, ಚಾಪೆ, ಚಾರ್ಜರ್, ಸ್ವಲ್ಪ ನಗದು. ಬಂಗಾರ ಬೇಡ. ಕವಳದ (ಎಲೆ ಅಡಿಕೆಯ) ಸಂಚಿಯೂ ಬೇಡ, ಅಜ್ಜ ಎಷ್ಟೇ ಗದರಿದರೂ.

ಚೀಲ ಅಟ್ಟದ ಮೇಲಲ್ಲ, ಬಾಗಿಲ ಪಕ್ಕದ ಗೂಟದಲ್ಲಿರಲಿ. ಡಾಕ್ಟರು ಗುಳಿಗೆ ಬದಲಿಸಿದ ದಿನವೇ ಹಳೆಯ ಪಟ್ಟಿ ಹರಿದು, ತಾರೀಕು ಹಾಕಿ ಹೊಸದು ಬರೆಯಿರಿ.