ಸಾಸಿವೆಯಲ್ಲಿ ಕೈಯಾರೆ ಪರಾಗಸ್ಪರ್ಶ: ಬಿಸಿಲು ಎಲ್ಲಿ ಕೈಕೊಡುತ್ತದೆ

ಸಾಸಿವೆಯಲ್ಲಿ ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪರಾಗ ಹಾಕಿ ಸಂಕರಣ ಮಾಡಿ ಕಾಯಿ ಕಟ್ಟಲಿಲ್ಲ ಎಂದರೆ ಎಲ್ಲರೂ ಮೊದಲು ತಮ್ಮ ಕೈಯನ್ನೇ ಅನುಮಾನಿಸುತ್ತಾರೆ: ಫೋರ್ಸೆಪ್ಸ್ ತಾಗಿ ಶಲಾಕಾಗ್ರಕ್ಕೆ (ಹೂವಿನ ನಡುವೆ ಪರಾಗ ಅಂಟಬೇಕಾದ ತುದಿಗೆ) ಪೆಟ್ಟಾಯಿತೇನೋ, ಪರಾಗ ಸರಿಯಾಗಿ ಅಂಟಲಿಲ್ಲವೇನೋ ಎಂದು. ಹಾಗಾಗುವುದೂ ಉಂಟು. ಆದರೆ ನಾನು ಕಂಡಂತೆ, ಸಾಲುಸಾಲಾಗಿ ಕಾಯಿ ಕೆಟ್ಟಿದ್ದರೆ ಕಾರಣ ಹೆಚ್ಚಾಗಿ ಬಿಸಿಲು. ಅದೂ ಪರಾಗ ಹಾಕಿದ ದಿನದ್ದಲ್ಲ, ಅದಕ್ಕಿಂತ ಒಂದು ವಾರ ಮೊದಲಿನದು.

ಪರಾಗರೇಣು ರೂಪುಗೊಳ್ಳುವುದು ಮೊಗ್ಗು ಇನ್ನೂ ಎರಡು ಮೂರು ಮಿಲಿಮೀಟರ್ ಇರುವಾಗ. ಆಗ ನಾಲ್ಕೈದು ದಿನ 32–35 ಡಿಗ್ರಿ ಬಿಸಿಲು ಹೊಡೆದರೆ ಹೂ ಅರಳುವ ಹೊತ್ತಿಗೆ ಪರಾಗಕೋಶ ಸೊರಗಿರುತ್ತದೆ, ಸರಿಯಾಗಿ ಬಿರಿಯುವುದೂ ಇಲ್ಲ. ಇದನ್ನು ಗಿಡದಲ್ಲೇ ಓದಬಹುದು. ಬಿಸಿಲೇರಿದ ದಿನ, ಅಂದು ಅರಳಿದ ಹೂವಿನ ತೊಟ್ಟಿನ ಕೆಳಗೆ ದಂಟಿಗೆ ಬಣ್ಣದ ದಾರ ಕಟ್ಟಿ. ಸಾಸಿವೆಯ ಹೂಗೊಂಚಲು ಬುಡದಿಂದ ತುದಿಗೆ ಅರಳುತ್ತಾ ಹೋಗುತ್ತದೆ. ಕೆಲವು ವಾರ ಬಿಟ್ಟು ನೋಡಿದರೆ ದಾರದ ಪಕ್ಕದಲ್ಲೇ ಕಾಯಿ ಕಟ್ಟಿರುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಬರೀ ತೊಟ್ಟುಗಳು, ಅಥವಾ ಕಾಳಿಲ್ಲದ ಸಣ್ಣ ಗಿಡ್ಡ ಕಾಯಿಗಳು, ಇನ್ನೂ ಮೇಲೆ ಮತ್ತೆ ಒಳ್ಳೆಯ ಕಾಯಿ. ನಡುವಿನ ಆ ಖಾಲಿ ಜಾಗವೇ ಬಿಸಿಲು ಬಿದ್ದಾಗ ಎಳೆ ಮೊಗ್ಗಾಗಿದ್ದ ಹೂಗಳದ್ದು. ಹೊಲದಲ್ಲಿ ತಳಿಗಳ ಬಿಸಿಲು ಸಹಿಷ್ಣುತೆಯನ್ನು ಹೋಲಿಸಲು ಇಷ್ಟು ಅಗ್ಗದ, ಇಷ್ಟು ನಂಬಿಕೆಯ ಉಪಾಯ ನನಗೆ ಬೇರೆ ಗೊತ್ತಿಲ್ಲ. ಯಾವ ತಳಿಯಲ್ಲಿ ಖಾಲಿ ಜಾಗ ಕಿರಿದೋ ಅದನ್ನು ಗುರುತು ಹಾಕಿಕೊಳ್ಳುತ್ತೇನೆ.

ಹಾಗಾಗಿ ಕೆಲಸ ಶುರುವಾಗುವುದು ಬಿತ್ತನೆಯ ದಿನಾಂಕದಿಂದ. ಬೆಂಗಳೂರು, ಕೋಲಾರದ ಕಡೆ ರಾಗಿಯ ಅಕ್ಕಡಿ ಸಾಲಿನಲ್ಲಿ ಮುಂಗಾರಿಗೆ ಸಾಸಿವೆ ಹಾಕುವ ರೂಢಿ ಇದೆ. ಅದು ಮನೆಬಳಕೆಗೆ ಸರಿ. ಆದರೆ ಸಂಕರಣಕ್ಕೆ ಮಳೆ ತೊಂದರೆ, ಒದ್ದೆ ಪರಾಗ ಕೆಲಸಕ್ಕೆ ಬಾರದು. ಅಕ್ಟೋಬರ್ ಮಧ್ಯದಲ್ಲಿ ಬಿತ್ತಿದರೆ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹೂ ಸಿಗುತ್ತದೆ, ಹಗಲಿನ ಉಷ್ಣತೆ 28ರ ಒಳಗಿರುತ್ತದೆ. ತಳಿಗಳು ಒಟ್ಟಿಗೆ ಹೂ ಬಿಡುವುದಿಲ್ಲ, ಆದ್ದರಿಂದ ಗಂಡು ತಳಿಯನ್ನು, ಅಂದರೆ ಪರಾಗ ಕೊಡುವ ತಳಿಯನ್ನು, ಹತ್ತು ಹತ್ತು ದಿನ ಬಿಟ್ಟು ಮೂರು ಕಂತಿನಲ್ಲಿ ಬಿತ್ತಬೇಕು. ಉತ್ತರ ಪ್ರದೇಶದಲ್ಲಿ ಭತ್ತ ಕೊಯ್ದು ತಡವಾಗಿ ಬಿತ್ತಿದ ಸಾಸಿವೆ ಕಾಯಿ ತುಂಬುವ ಹೊತ್ತಿಗೆ ಫೆಬ್ರವರಿ ಕೊನೆಯ ಬಿಸಿಲಿಗೆ ಸಿಕ್ಕಿ ಕಾಳು ಸಣ್ಣದಾಗುವುದೂ ಇದೇ ಲೆಕ್ಕದ ಇನ್ನೊಂದು ಮುಖ.

ಪೋಷಕಾಂಶಗಳಲ್ಲಿ ಬೋರಾನ್ ಮರೆತರೆ ಉಳಿದದ್ದೆಲ್ಲ ವ್ಯರ್ಥ. ಪರಾಗರೇಣುವಿನಿಂದ ಹೊರಟು ಅಂಡಾಶಯಕ್ಕೆ ಇಳಿಯುವ ಪರಾಗನಾಳ ಬೆಳೆಯಲು ಅದು ಬೇಕೇ ಬೇಕು. ಕೊರತೆ ಇರುವ ಮಣ್ಣಿಗೆ ಬಿತ್ತನೆಗೆ ಮುಂಚೆ ಎಕರೆಗೆ 4 ಕೆಜಿ ಬೋರಾಕ್ಸ್ ಸಾಕು, ಅಂದರೆ ಚದರ ಮೀಟರಿಗೆ ಸುಮಾರು ಒಂದು ಗ್ರಾಂ. ಇನ್ನಷ್ಟು ಹಾಕಿದರೆ ಎಲೆಯಂಚು ಸುಡುತ್ತದೆ, ಆದ್ದರಿಂದ ಕೈಯಳತೆ ಬೇಡ, ತೂಕ ಮಾಡಿ. ಗಂಧಕಕ್ಕೆ ಜಿಪ್ಸಂ ಒಳ್ಳೆಯದು. ಮೊಗ್ಗು ಕಾಣುವ ಮೊದಲು ಒಂದು ನೀರು, ಕಾಯಿ ಕಟ್ಟುವಾಗ ಇನ್ನೊಂದು. ಹೂವಿನ ಕಾಲದಲ್ಲಿ ಗಿಡ ಬಾಡಿದರೆ ಬಿಸಿಲಿನ ಪೆಟ್ಟು ಇಮ್ಮಡಿಯಾಗುತ್ತದೆ.

ಇನ್ನು ಹೂವಿನ ಕೆಲಸ, ಅಂದರೆ ತನ್ನದೇ ಪರಾಗ ಬೀಳದಂತೆ ಹೆಣ್ಣಾಗಿ ಆರಿಸಿದ ಗಿಡದ ಹೂಗಳ ಕೇಸರ ತೆಗೆಯುವುದು. ಸಾಸಿವೆ ಹೂವಿನಲ್ಲಿ ಆರು ಕೇಸರ, ನಾಲ್ಕು ಉದ್ದ, ಎರಡು ಗಿಡ್ಡ. ಆ ಗಿಡ್ಡ ಎರಡು ಬದಿಯಲ್ಲಿ ಅಡಗಿರುತ್ತವೆ, ಹೊಸಬರು ಬಿಡುವುದು ಅವನ್ನೇ. ಮಧ್ಯಾಹ್ನ ಮೂರರ ನಂತರ ಹೆಣ್ಣು ಗಿಡದ ಮುಖ್ಯ ಗೊಂಚಲಿನಲ್ಲಿ ಅರಳಿದ ಹೂ, ಕಾಯಿ ಎಲ್ಲ ಕಿತ್ತು, ನಾಳೆ ಅಥವಾ ನಾಡಿದ್ದು ಅರಳಲಿರುವ ಹತ್ತು ಹನ್ನೆರಡು ಮೊಗ್ಗುಗಳನ್ನು ಮಾತ್ರ ಉಳಿಸಬೇಕು. ತುದಿಯ ಎಳೆ ಮೊಗ್ಗುಗಳನ್ನೂ ಚಿವುಟಬೇಕು, ಇಲ್ಲದಿದ್ದರೆ ಅವು ಚೀಲದೊಳಗೇ ಅರಳಿ ಪರಾಗ ಚೆಲ್ಲುತ್ತವೆ. ಸರಿಯಾದ ಮೊಗ್ಗು ಅಂದರೆ ತುದಿಯಲ್ಲಿ ಹಳದಿ ಇಣುಕುತ್ತಿರಬೇಕು, ಎಸಳು ಬಿಚ್ಚಿರಬಾರದು. ಸಣ್ಣ ಮೂತಿಯ ಫೋರ್ಸೆಪ್ಸಿನಿಂದ ಮೊಗ್ಗಿನ ಬದಿಯನ್ನು ಸರಿಸಿ, ಕೇಸರದ ಕಡ್ಡಿಯನ್ನು ಹಿಡಿದು ಎಳೆಯಬೇಕು. ಪರಾಗಕೋಶವನ್ನೇ ಹಿಸುಕಿದರೆ ಬಲಿತ ಕೋಶ ಅಲ್ಲೇ ಒಡೆಯುತ್ತದೆ. ಒಂದು ಕೋಶ ಒಡೆದರೂ ಆ ಮೊಗ್ಗನ್ನು ಕಿತ್ತು ಹಾಕಿ, ಫೋರ್ಸೆಪ್ಸನ್ನು ಸ್ಪಿರಿಟ್‌ಗೆ ಅದ್ದಿ ಒಣಗಿಸಿ ಮುಂದುವರಿಯಿರಿ.

ಮೇಲೆ ಬಟರ್ ಪೇಪರ್ ಚೀಲ, ಕೆಳಗೆ ಜೆಮ್ ಕ್ಲಿಪ್. ಪಾಲಿಥೀನ್ ಚೀಲ ಎಂದೂ ಬೇಡ: ಒಳಗೆ ಬೆವರಿ ಬೂಸ್ಟು ಬರುತ್ತದೆ. ಬಟರ್ ಪೇಪರಿನೊಳಗೂ ನೇರ ಬಿಸಿಲಿಗೆ ಶಾಖ ಹೊರಗಿಗಿಂತ ಏರುತ್ತದೆ, ಆದ್ದರಿಂದ ಬಿಸಿ ದಿನಗಳಲ್ಲಿ ಗಿಡದ ಮೇಲೆ ನೆರಳುಬಲೆ ಎಳೆಯುತ್ತೇನೆ. ಗಂಡು ಗಿಡದ ಗೊಂಚಲಿಗೂ ಅದೇ ಸಂಜೆ ಚೀಲ ಹಾಕಬೇಕು. ಹಾಕದಿದ್ದರೆ ಬೆಳಿಗ್ಗೆ ನಿಮಗಿಂತ ಮೊದಲು ಜೇನು ಬಂದು ಬೇರೆ ಹೂವಿನ ಪರಾಗ ಬೆರೆಸಿರುತ್ತದೆ.

ಮರುದಿನ ಎಂಟರಿಂದ ಹತ್ತೂವರೆ ಒಳಗೆ ಪರಾಗ ಹಾಕುವುದು ಒಳ್ಳೆಯದು. ಆಗತಾನೆ ಅರಳಿದ ಗಂಡು ಹೂವನ್ನು ತೊಟ್ಟಿನಲ್ಲಿ ಹಿಡಿದು, ಎಸಳುಗಳನ್ನು ಹಿಂದಕ್ಕೆ ಮಡಚಿ, ಕೋಶಗಳನ್ನು ಶಲಾಕಾಗ್ರಕ್ಕೆ ಮೆಲ್ಲನೆ ಸವರಿ. ಕೈಮಸೂರದಲ್ಲಿ ನೋಡಿದಾಗ ತುದಿ ಹಳದಿ ಪುಡಿಯಿಂದ ಮುಚ್ಚಿರಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾಲ್ ವಿಲಿಯಮ್ಸ್ ರೂಪಿಸಿದ ಶೀಘ್ರ ಚಕ್ರದ ಬ್ರಾಸಿಕಾ ಗಿಡಗಳಿಗೆ (ಬೇಗ ಹೂ ಬಿಟ್ಟು ಬೀಜ ಕೊಡುವ ಸಾಸಿವೆ ಕುಲದ ಗಿಡಗಳಿಗೆ) ಶಾಲಾ ಮಕ್ಕಳು ಒಣಗಿದ ಸತ್ತ ಜೇನ್ನೊಣವನ್ನು ಹಲ್ಲುಕಡ್ಡಿಗೆ ಅಂಟಿಸಿ ಪರಾಗ ಸವರುತ್ತಾರೆ. ಎದೆಯ ರೋಮ ಪರಾಗ ಹಿಡಿಯಲು ಬಹಳ ಚೆನ್ನ. ಒಂದೇ ತಳಿಯ ಗಿಡಗಳಿಗೆ ನಾನೂ ಅದನ್ನೇ ಬಳಸುತ್ತೇನೆ. ತಳಿ ಬದಲಾದರೆ ಕಡ್ಡಿಯೂ ಬದಲಾಗಬೇಕು.

ಪರಾಗದ ಗುಣ ತಿಳಿಯಲು ಅಸಿಟೋಕಾರ್ಮಿನ್ ಬಣ್ಣ ಬೇಗದ ದಾರಿ. ಬಣ್ಣ ಹಿಡಿಯದೆ ಮುದುಡಿದ ರೇಣು ಸತ್ತದ್ದು. ಆದರೆ ಬಣ್ಣ ಹಿಡಿದದ್ದೆಲ್ಲ ಮೊಳೆಯುತ್ತದೆ ಎಂದಲ್ಲ. ಬಿಸಿಲು ತಿಂದ ಪರಾಗದಲ್ಲಿ ಈ ಮೋಸ ಹೆಚ್ಚು. ಮೊಳೆಸಿಯೇ ನೋಡಬೇಕಾದರೆ ಲೀಟರ್ ನೀರಿಗೆ ಬೋರಿಕ್ ಆಮ್ಲ 100 ಮಿಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 300, ಮೆಗ್ನೀಸಿಯಂ ಸಲ್ಫೇಟ್ 200, ಪೊಟ್ಯಾಸಿಯಂ ನೈಟ್ರೇಟ್ 100 ಮಿಗ್ರಾಂ, ಜೊತೆಗೆ ಸಕ್ಕರೆ 100ರಿಂದ 150 ಗ್ರಾಂ. ಹನಿಯಲ್ಲಿ ಪರಾಗ ಉದುರಿಸಿ ತೇವದ ಡಬ್ಬಿಯಲ್ಲಿ ಕೆಲವು ಗಂಟೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ಎಣಿಸಿ. ಕೆಟ್ಟದ್ದು ಗಂಡೋ ಹೆಣ್ಣೋ ಎಂಬ ಅನುಮಾನವಿದ್ದರೆ ಬಿಸಿಲಲ್ಲಿದ್ದ ಗಿಡಕ್ಕೆ ನೆರಳಿನ ಗಿಡದ ಪರಾಗ, ನೆರಳಿನ ಗಿಡಕ್ಕೆ ಬಿಸಿಲಿನದ್ದು, ಹೀಗೆ ಅದಲುಬದಲು ಮಾಡಿ. ಬಿಸಿಲು ಜೋರಾದರೆ ಅಂಡಾಶಯವೂ ಸೋಲುತ್ತದೆ, ಆದ್ದರಿಂದ ಪರಾಗವೊಂದನ್ನೇ ದೂರುವ ಮುಂಚೆ ಈ ಪರೀಕ್ಷೆ ಆಗಲೇಬೇಕು. ಪ್ರತಿ ಗಿಡದಲ್ಲಿ ನಾಲ್ಕೈದು ಮೊಗ್ಗಿಗೆ ಕೇಸರ ತೆಗೆದು ಪರಾಗ ಹಾಕದೆ ಬಿಡಿ. ಅಲ್ಲಿ ಕಾಯಿ ಕಟ್ಟಿದರೆ ನಿಮ್ಮ ಕೇಸರ ತೆಗೆಯುವ ಕೆಲಸ ಸೋರುತ್ತಿದೆ ಎಂದರ್ಥ.

ಸಾಸಿವೆಯ ನೆಂಟರಾದ ಎಲೆಕೋಸು, ಹೂಕೋಸು, ತೋರಿಯಾ ಎಂಬ ಎಣ್ಣೆಕಾಳಿನಲ್ಲಿ ಕಥೆ ಬೇರೆ. ಅವು ಹೆಚ್ಚಾಗಿ ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಶುದ್ಧ ತಳಿ ಉಳಿಸಿಕೊಳ್ಳಲು, ಅರಳುವುದಕ್ಕೆ ಎರಡರಿಂದ ನಾಲ್ಕು ದಿನ ಮುಂಚಿನ ಹಸಿರು ಮೊಗ್ಗನ್ನು ತೆರೆದು, ಅದೇ ಗಿಡದ ಅರಳಿದ ಹೂವಿನ ಪರಾಗ ಹಾಕಬೇಕು, ಏಕೆಂದರೆ ತಿರಸ್ಕರಿಸುವ ಶಕ್ತಿ ಶಲಾಕಾಗ್ರಕ್ಕೆ ಆ ಹೊತ್ತಿಗೆ ಬಂದಿರುವುದಿಲ್ಲ. ಎಲೆಕೋಸಿನ ದೊಡ್ಡ ತೊಡಕು ಅದಕ್ಕೂ ಹಿಂದಿನದು. ಬಲಿತ ಗಿಡಕ್ಕೆ ವಾರಗಟ್ಟಲೆ 10 ಡಿಗ್ರಿಗಿಂತ ಕೆಳಗಿನ ಚಳಿ ಸಿಗದೆ ಅದು ಹೂ ಬಿಡುವುದೇ ಇಲ್ಲ. ಅದಕ್ಕೇ ಅದರ ಬೀಜ ಕುಲು ಕಣಿವೆ, ಕಾಶ್ಮೀರದಂಥ ಕಡೆ ಆಗುತ್ತದೆ.

ಪರಾಗ ಹಾಕಿ ಐದಾರು ದಿನಕ್ಕೆ ಚೀಲ ತೆಗೆಯಿರಿ. ಬಿಟ್ಟರೆ ಒಳಗೆ ಸಸ್ಯಹೇನು ಮನೆ ಮಾಡುತ್ತದೆ. ಔಷಧಿ ಹೊಡೆಯುವುದಾದರೆ ಸಂಜೆ, ಜೇನು ಗೂಡಿಗೆ ಮರಳಿದ ಮೇಲೆ. ಕಾಯಿ ಹಳದಿಗೆ ತಿರುಗಿದಾಗ, ಬಿರಿಯುವ ಮೊದಲು, ಒಂದೊಂದನ್ನೂ ಅದರ ಟ್ಯಾಗ್ ಸಮೇತ ಪೇಪರ್ ಲಕೋಟೆಗೆ ಹಾಕಿ. ಹಳದಿ ಕಾಳಿನ ತಾಯಿಗೆ ಕಂದು ಕಾಳಿನ ತಂದೆ ಹಾಕಿದ್ದರೂ ಆ ಕಾಯಿಯ ಕಾಳು ಹಳದಿಯಾಗಿಯೇ ಇರುತ್ತದೆ, ಸಿಪ್ಪೆ ತಾಯಿಯದ್ದು. ಸಂಕರ ಆಗಲಿಲ್ಲವೆಂದು ಅದನ್ನು ಬಿಸಾಡಬೇಡಿ. ಆ ಕಾಳು ಬಿತ್ತಿ ಬೆಳೆದ ಗಿಡದ ಫಸಲಿನಲ್ಲಿ ಕಂದು ಕಾಣುತ್ತದೆ.