ಬ್ಲೂಗಿಲ್ ದೊಡ್ಡದಾಗಬೇಕೆ? ಗೂಡಿನ ಗಂಡನ್ನು ಬಾಣಲೆಗೆ ಹಾಕಬೇಡಿ

ಅಮೆರಿಕದ ಜಾರ್ಜಿಯಾ, ಅಲಬಾಮಾ ಕಡೆ ಜಮೀನು ಕೊಂಡವರಿಗೆ ಜೊತೆಯಲ್ಲೇ ಒಂದೆರಡು ಎಕರೆಯ ಕೊಳವೂ ಸಿಗುವುದುಂಟು. ಕೊಳದ ತುಂಬ ಬ್ಲೂಗಿಲ್ ಎಂಬ ಸಿಹಿನೀರಿನ ಮೀನು ಇರುತ್ತವೆ, ಆದರೆ ಎಲ್ಲವೂ ನಾಲ್ಕೇ ಇಂಚು. ಮಾಲೀಕರು ಮೇವು ಹೆಚ್ಚಿಸುತ್ತಾರೆ, ಹೊಸ ಮರಿ ತಂದು ಬಿಡುತ್ತಾರೆ. ಮೀನು ಮಾತ್ರ ಬೆಳೆಯುವುದಿಲ್ಲ. ಇದೇ ಜಾತಿ 1950ರಲ್ಲಿ ಅಲಬಾಮಾದ ಕಿಟೋನಾ ಕೆರೆಯಲ್ಲಿ 4 ಪೌಂಡ್ 12 ಔನ್ಸ್ ತೂಗಿತ್ತು. ಅಷ್ಟರ ಆಸೆ ಬೇಡ. ಹತ್ತು ಇಂಚಿನ ಮೀನು ಮಾತ್ರ ಯಾವ ಒಳ್ಳೆಯ ಕೊಳದಲ್ಲೂ ಸಾಧ್ಯ.

1. ಇರುವುದು ಬ್ಲೂಗಿಲ್ಲೇ ಎಂದು ಖಚಿತಪಡಿಸಿಕೊಳ್ಳಿ

ಕಿವಿರಿನ ಮುಚ್ಚಳದ ತುದಿಯಲ್ಲಿ ಕಿವಿಯಂಥ ಕಪ್ಪು ಎಸಳಿರುತ್ತದೆ. ಅದಕ್ಕೆ ಬಣ್ಣದ ಅಂಚು ಇರಬಾರದು. ಕೆಂಪು ಅಂಚಿದ್ದರೆ ಅದು ರೆಡ್‌ಇಯರ್ ಎಂಬ ಹತ್ತಿರದ ಜಾತಿ. ಬೆನ್ನಿನ ರೆಕ್ಕೆಯ ಹಿಂಭಾಗದ ಬುಡದಲ್ಲಿ ಕಪ್ಪು ಮಚ್ಚೆ, ಪಕ್ಕದ ರೆಕ್ಕೆ ಉದ್ದ ಮತ್ತು ಚೂಪು, ಬಾಯಿ ತೀರ ಚಿಕ್ಕದು. ಗ್ರೀನ್ ಸನ್‌ಫಿಷ್ ಎಂಬ ಇನ್ನೊಂದು ಹತ್ತಿರದ ಜಾತಿಗೂ ಆ ಮಚ್ಚೆ ಇರುವುದರಿಂದ ಮಚ್ಚೆಯೊಂದನ್ನೇ ನಂಬಬೇಡಿ, ಬಾಯಿ ನೋಡಿ. ಅದರ ಬಾಯಿ ಕಣ್ಣಿನ ಕೆಳಗಿನವರೆಗೂ ಸೀಳಿರುತ್ತದೆ, ಪಕ್ಕದ ರೆಕ್ಕೆ ಮೊಂಡಾಗಿರುತ್ತದೆ.

ಬೇಗ ಬೆಳೆಯುತ್ತದೆಂದು ಮಾರುವ ‘ಹೈಬ್ರಿಡ್ ಬ್ಲೂಗಿಲ್’ ಬ್ಲೂಗಿಲ್ ಮತ್ತು ಗ್ರೀನ್ ಸನ್‌ಫಿಷ್‌ಗಳ ಬೆರಕೆ. ಮರಿಗಳಲ್ಲಿ ಹೆಚ್ಚಿನವು ಗಂಡೇ. ಮುಂದಿನ ಪೀಳಿಗೆ ಮೊದಲಿನಂತಿರುವುದಿಲ್ಲ. ವರ್ಷಗಟ್ಟಲೆ ಮೀನು ಬೇಕೆನ್ನುವವರು ಅದನ್ನು ಕೊಳ್ಳಬಾರದು.

2. ನೀರು, ಮರಿ

ನೀರಿನ ಕ್ಷಾರತೆ 20 ಪಿಪಿಎಂಗಿಂತ (ಹತ್ತು ಲಕ್ಷಕ್ಕೆ 20 ಭಾಗ) ಕಡಿಮೆಯಿದ್ದರೆ ಕೃಷಿ ಸುಣ್ಣ ಹಾಕಿಸಿ. ಕಳೆ ಕೊಳದ ಐದನೇ ಒಂದು ಪಾಲು ಮೀರದಿರಲಿ. ಅದರಲ್ಲಿ ಅವಿತ ಮರಿಯನ್ನು, ಬ್ಲೂಗಿಲ್ ತಿಂದು ಅವುಗಳ ಸಂಖ್ಯೆ ಹತೋಟಿಯಲ್ಲಿಡುವ ಬಾಸ್ ಎಂಬ ಬೇಟೆಮೀನು ಹಿಡಿಯಲಾರದು. ಮೇವು, ಗೊಬ್ಬರ ಕೊಡುವ ಹೊಸ ಕೊಳಕ್ಕೆ ಎಕರೆಗೆ 1000 ಬ್ಲೂಗಿಲ್ ಮರಿ, ಏನೂ ಕೊಡದ ಕೊಳಕ್ಕೆ 500. ಅವನ್ನು ಚಳಿಗಾಲಕ್ಕೆ ಮುಂಚೆಯೇ ಬಿಡಿ. ಮುಂದಿನ ಬೇಸಿಗೆಯಲ್ಲಿ ಲಾರ್ಜ್‌ಮೌತ್ ಬಾಸ್ ಮರಿ, ಹತ್ತು ಬ್ಲೂಗಿಲ್‌ಗೆ ಒಂದರಂತೆ. ಸಣ್ಣ ಕೊಳಕ್ಕೆ ಕ್ರಾಪಿ ಎಂಬ ಮೀನು ಬೇಡವೇ ಬೇಡ.

3. ಮೇವು

ತೇಲುವ ಗುಳಿಗೆ, ಪ್ರೋಟೀನ್ ಶೇ 36ಕ್ಕಿಂತ ಮೇಲೆ, ಗಾತ್ರ 3ರಿಂದ 4 ಮಿ.ಮೀ. ಅಗ್ಗಕ್ಕೆ ಸಿಗುವ ಕ್ಯಾಟ್‌ಫಿಷ್ ಮೇವಿನ ದಪ್ಪ ಗುಳಿಗೆ ಈ ಸಣ್ಣ ಬಾಯಿಗೆ ಹಿಡಿಸುವುದಿಲ್ಲ. ನೀರಲ್ಲಿ ನೆನೆದು ಕೊಳೆಯುತ್ತದೆ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಎರಚಿದ ಕೈ ಇಲ್ಲೂ ಬ್ರೆಡ್, ಅನ್ನ ಎರಚುತ್ತದೆ. ನೋಡಲು ಚೆಂದ, ಬೆಳವಣಿಗೆಗೆ ಸೊನ್ನೆ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ ಶುರುಮಾಡಿ, ಹದಿನೈದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಗಾಳಿ ಊದುವ ಯಂತ್ರವಿಲ್ಲದ ಕೊಳಕ್ಕೆ ದಿನಕ್ಕೆ ಎಕರೆಗೆ ನಾಲ್ಕೂವರೆ ಕೆ.ಜಿ. ಮೀರಬೇಡಿ. ಮೀರಿದರೆ ಸೆಖೆಯ, ಮೋಡ ಕವಿದ ದಿನದ ಮರುದಿನ ಬೆಳಗಿನ ಜಾವ ಆಮ್ಲಜನಕ ಸಾಲದೆ ಮೀನು ತೇಲುತ್ತದೆ. ಮೊದಲು ಸಾಯುವುದು ದೊಡ್ಡವೇ.

4. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು

ಹೆಚ್ಚಿನ ಕೊಳಗಳು ಕೆಡುವುದು ಇಲ್ಲೇ. ನೀರು 70 ಡಿಗ್ರಿ ಸಮೀಪಿಸಿದಾಗ ಗಂಡುಗಳು ದಡದ ಆಳವಿಲ್ಲದ ಜಾಗಕ್ಕೆ ಬಂದು ಬಾಲದಿಂದ ಗುಡಿಸಿ, ತಟ್ಟೆಯಂಥ ಗುಳಿಗಳನ್ನು ಒತ್ತೊತ್ತಾಗಿ ಮಾಡುತ್ತವೆ. ಮೊಟ್ಟೆ ಕಾಯುವ ಗಂಡು ಹತ್ತಿರ ಬಂದ ಎಲ್ಲದಕ್ಕೂ ಬಾಯಿ ಹಾಕುತ್ತದೆ. ಒಂದು ಎರೆಹುಳ ಇದ್ದರೆ ಸಾಕು, ಅರ್ಧ ದಿನದಲ್ಲಿ ಕೊಳದ ಅತಿ ದೊಡ್ಡ ಇಪ್ಪತ್ತು ಗಂಡು ಬಕೆಟ್ಟಿಗೆ ಬೀಳುತ್ತವೆ.

ದೊಡ್ಡ ಗಂಡು ಗೂಡಿನ ಜಾಗ ಹಿಡಿದಿರುವಷ್ಟು ಕಾಲ ಎಳೆಯ ಗಂಡಿಗೆ ಅಲ್ಲಿ ಪ್ರವೇಶವಿಲ್ಲ. ಅದು ತಿಂದದ್ದನ್ನೆಲ್ಲ ಮೈ ಬೆಳೆಸಲು ಬಳಸುತ್ತ ಕಾಯುತ್ತದೆ. ದೊಡ್ಡದು ಹೋಯಿತೋ, ಐದು ಇಂಚಿನದೇ ಪ್ರಾಯಕ್ಕೆ ಬಂದು ಗೂಡು ಕಟ್ಟುತ್ತದೆ. ಅಲ್ಲಿಂದಾಚೆ ಅದರ ಬೆಳವಣಿಗೆ ಕುಂಟುತ್ತದೆ. ಕೆಲವು ವರ್ಷ ಹೀಗೇ ನಡೆದರೆ ಇಡೀ ಕೊಳ ಕುಳ್ಳಾಗುತ್ತದೆ.

ಗಂಡನ್ನು ಗುರುತಿಸುವುದು ಕಷ್ಟವಲ್ಲ. ಮೈ ಗಾಢ ಬಣ್ಣ, ಎದೆ ತಾಮ್ರ-ಕಿತ್ತಳೆ, ಕಿವಿಯ ಎಸಳು ದೊಡ್ಡದು. ಹೆಣ್ಣಿನ ಬಣ್ಣ ತೆಳು, ಎದೆ ಹಳದಿ. ಎಂಟು ಇಂಚು ದಾಟಿದ ಗಂಡನ್ನು, ಗೂಡಿನ ಮೇಲಿದ್ದರಂತೂ, ಮರಳಿ ಬಿಡಿ. ಅಡುಗೆಗೆ ಆರೇಳು ಇಂಚಿನ ಹೆಣ್ಣುಗಳಿವೆ.

ಬಾಸ್ ವಿಷಯದಲ್ಲಿ ಲೆಕ್ಕ ತಿರುಗಾಮುರುಗ. ಬಾಸ್ ತನ್ನ ಉದ್ದದ ಸುಮಾರು ಮೂರನೇ ಒಂದು ಪಾಲಿನಷ್ಟು ಉದ್ದದ ಬ್ಲೂಗಿಲ್ ನುಂಗುತ್ತದೆ. ಹನ್ನೆರಡು ಇಂಚಿನ ಹಸಿದ ಬಾಸ್‌ಗಳು ಮೂರ್ನಾಲ್ಕು ಇಂಚಿನ ಗುಂಪನ್ನು ತೆಳುಮಾಡುತ್ತವೆ, ಉಳಿದವಕ್ಕೆ ಊಟ ಹೆಚ್ಚುತ್ತದೆ. ಹಾಗಾಗಿ ಹದಿನೈದು ಇಂಚಿನೊಳಗಿನ ಬಾಸನ್ನೆಲ್ಲ ಬಿಡಿ; ತಿನ್ನುವುದಾದರೆ ಅದಕ್ಕಿಂತ ದೊಡ್ಡದನ್ನು ತಿನ್ನಿ. ದೊಡ್ಡ ಬಾಸೂ ಬೇಕು, ದೊಡ್ಡ ಬ್ಲೂಗಿಲ್ಲೂ ಬೇಕು ಎಂದರೆ ಸಣ್ಣ ಕೊಳದಲ್ಲಿ ಎರಡೂ ಕೈಗೆ ಹತ್ತುವುದಿಲ್ಲ.

ತೆಗೆದ ಮೀನನ್ನು ಜೀವಂತವಾಗಿ ಬೇರೆ ನೀರಿಗೆ ಸಾಗಿಸಬೇಡಿ. 1960ರಲ್ಲಿ ಷಿಕಾಗೊದಿಂದ ಜಪಾನಿನ ಯುವರಾಜ ಅಕಿಹಿಟೊ ಅವರಿಗೆ ಉಡುಗೊರೆಯಾಗಿ ಹೋದ ಬ್ಲೂಗಿಲ್ ಇಂದು ಬಿವಾ ಸರೋವರದ ಪೀಡೆ.

5. ಜೂನ್ ಪರೀಕ್ಷೆ

ಅಲಬಾಮಾದ ಆಬರ್ನ್‌ನಲ್ಲಿ ಮೀನು ವಿಜ್ಞಾನಿ ಸ್ವಿಂಗಲ್ ರೂಢಿಗೆ ತಂದ ವಿಧಾನ ಇಂದಿಗೂ ಸಾಕು: ಹದಿನೈದು ಅಡಿಯ ಸಣ್ಣ ಕಣ್ಣಿನ ಬಲೆಯನ್ನು ದಡದ ನಾಲ್ಕೈದು ಕಡೆ ಎಳೆಯಿರಿ. ಆಗಷ್ಟೇ ಮೊಟ್ಟೆಯೊಡೆದ ಮರಿ ಹೇರಳ, ಮೂರರಿಂದ ಐದು ಇಂಚಿನವು ವಿರಳ ಎಂದಾದರೆ ಕೊಳ ಸರಿಯಿದೆ. ನಡುಗಾತ್ರದವೇ ಬಲೆ ತುಂಬಿ, ಬಾಸ್ ಮರಿ ಒಂದೂ ಕಾಣದಿದ್ದರೆ ಬ್ಲೂಗಿಲ್ ಕಿಕ್ಕಿರಿದಿದೆ. ಆಗ ಗಂಡು-ಹೆಣ್ಣು ನೋಡದೆ ನಡುಗಾತ್ರದವನ್ನು ರಾಶಿಗಟ್ಟಲೆ ತೆಗೆಯಿರಿ, ಎಂಟು-ಹತ್ತು ಇಂಚಿನ ಬಾಸ್ ತಂದು ಬಿಡಿ.

ಜೊತೆಗೆ ಕೆಲವನ್ನು ತೂಗಿ. ಎಂಟು ಇಂಚಿನದು ಸುಮಾರು 190 ಗ್ರಾಂ, ಹತ್ತು ಇಂಚಿನದು 400 ಗ್ರಾಂ ಬಂದರೆ ಮೈಕಟ್ಟು ಚೆನ್ನಾಗಿದೆ. ಉದ್ದವಿದ್ದೂ ತೂಕ ಕಡಿಮೆ ಬಂದರೆ ಮಾತ್ರ ಮೇವಿನ ಚೀಲದ ಕಡೆ ನೋಡಿ.