ಸ್ಲೀಪ್‌ನಿಂದ ಎದ್ದ ಮೇಲೆ ಮಾನಿಟರ್ ಕಪ್ಪಾಗಿಯೇ ಉಳಿದರೆ

ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರ್ ಸ್ಲೀಪ್‌ನಿಂದ ಎದ್ದರೂ ಮಾನಿಟರ್ ಕಪ್ಪಾಗಿಯೇ ಉಳಿದಾಗ, ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಲು ದಯವಿಟ್ಟು ಆತುರಪಡಬೇಡಿ. ಸೇವ್ ಮಾಡದ ಕೆಲಸವೆಲ್ಲ ಹೋಗಿಬಿಡುತ್ತದೆ. ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರವನ್ನು ನಿಭಾಯಿಸುವ ತಂತ್ರಾಂಶ) ಮಾತ್ರ ಹೊಸದಾಗಿ ಆರಂಭವಾಗಿ, ಸಾಮಾನ್ಯವಾಗಿ ಒಂದು ಬೀಪ್ ಸದ್ದಿನೊಂದಿಗೆ ಪರದೆ ಮಿನುಗುತ್ತದೆ.

ಆಗಲೂ ಚಿತ್ರ ಬಾರದಿದ್ದರೆ ಮಾನಿಟರನ್ನು ಆಫ್ ಮಾಡಿ ಆನ್ ಮಾಡಿ, ಕೇಬಲ್ಲನ್ನು ಕಳಚಿ ಬಿಗಿಯಾಗಿ ಸಿಕ್ಕಿಸಿ. ಡಿಸ್‌ಪ್ಲೇಪೋರ್ಟ್ ಎಂಬ ಬಗೆಯ ಕೇಬಲ್ ಸಂಪರ್ಕದಲ್ಲಿ ಕೆಲವು ಮಾನಿಟರ್‌ಗಳು ವಿದ್ಯುತ್ ಉಳಿಸುವ ಡೀಪ್ ಸ್ಲೀಪ್‌ ಸ್ಥಿತಿಗೆ ಜಾರಿದಾಗ ಸಂಪರ್ಕವೇ ಕಡಿದುಹೋದಂತೆ ಕಂಪ್ಯೂಟರಿಗೆ ತೋರುತ್ತದೆ. ಎರಡು ಪರದೆ ಬಳಸುವವರ ವಿಂಡೋಗಳೆಲ್ಲ ಒಂದೇ ಪರದೆಗೆ ಹೋಗಿ ಸೇರುವುದಕ್ಕೂ ಇದು ಕಾರಣವಾಗಬಹುದು. ಮಾನಿಟರಿನ ಮೆನುವಿನಲ್ಲಿ ಡೀಪ್ ಸ್ಲೀಪ್ ಆಯ್ಕೆಯಿದ್ದರೆ ಅದನ್ನು ಆಫ್ ಮಾಡಿ, ಇನ್‌ಪುಟ್ಟನ್ನು ಆಟೋದಲ್ಲಿ ಬಿಡದೆ ನೀವು ಬಳಸುವ ಪೋರ್ಟ್‌ಗೇ ನಿಗದಿಪಡಿಸಿ.

ಡ್ರೈವರ್ ಅಪ್‌ಡೇಟ್ ಆದ ನಂತರವೇ ತೊಂದರೆ ಶುರುವಾಗಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಆರಿಸಿ ಹಿಂದಿನ ಆವೃತ್ತಿಗೆ ಮರಳಿ.